ಯುರೋಪಿನಲ್ಲಿ ಫೇರ್‌ಟ್ರೇಡ್ ಕಾಫಿ: ದೇಶ ದೇಶಗಳ ಮಾರಾಟವನ್ನು ಹೋಲಿಸುವ ಬಗೆ

ರೈತರಿಗೆ ಕನಿಷ್ಠ ಬೆಲೆ ಸಿಗುವಂತೆ ನೋಡಿಕೊಂಡ ಸರಕಿನ ಮೇಲೆ ಹಾಕುವ ಪ್ರಮಾಣ ಮುದ್ರೆ ಫೇರ್‌ಟ್ರೇಡ್. ಜರ್ಮನಿಯ ಫೇರ್‌ಟ್ರೇಡ್ ಸಂಸ್ಥೆ ವರ್ಷದ ಮಾರಾಟವನ್ನು ಯುರೋದಲ್ಲಿ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಫೇರ್‌ಟ್ರೇಡ್ ಸಂಸ್ಥೆಯಾದ ಮ್ಯಾಕ್ಸ್ ಹಾವೆಲಾರ್ ಫ್ರಾಂಕಿನಲ್ಲಿ ಹೇಳುತ್ತದೆ, ಸ್ವೀಡನ್ನಿನವರು ಕ್ರೋನಾದಲ್ಲಿ. ಎಲ್ಲವನ್ನೂ ಯುರೋಗೆ ತಿರುಗಿಸಿ ಮೇಲಿನಿಂದ ಕೆಳಗೆ ಪಟ್ಟಿ ಮಾಡಿದರೆ ಹೋಲಿಕೆ ಆಯಿತು ಅನ್ನಿಸುತ್ತದೆ. ಆದರೆ ಒಬ್ಬ ಸೇರಿನಲ್ಲಿ, ಇನ್ನೊಬ್ಬ ಕೊಳಗದಲ್ಲಿ ಅಳೆದದ್ದನ್ನು ಒಂದೇ ಚೀಲಕ್ಕೆ ಸುರಿದ ಹಾಗೆ ಅದು. ಒಂದೇ ಪದಾರ್ಥವನ್ನು ಹಿಡಿಯಿರಿ, ಹಣ ಬಿಟ್ಟು ತೂಕ ನೋಡಿ, ತೂಕವನ್ನು ಜನಸಂಖ್ಯೆಯಿಂದಲೂ ಆ ದೇಶದ ಒಟ್ಟು ಬಳಕೆಯಿಂದಲೂ ಭಾಗಿಸಿ. ಇಲ್ಲಿ ಕಾಫಿಯನ್ನು ಹಿಡಿದಿದ್ದೇವೆ. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಈ ಮುದ್ರೆಯ ವ್ಯವಹಾರ ಶುರುವಾದದ್ದೇ ಕಾಫಿಯಿಂದ, ಹಾಗಾಗಿ ಅಂಕಿಗಳೂ ಇದಕ್ಕೇ ಹೆಚ್ಚು ಸಿಗುತ್ತವೆ.

ಮೊದಲು ಯಾವ ಮುದ್ರೆ ಎಂದು ನಿರ್ಧರಿಸಿ

'ನೈತಿಕ ವ್ಯಾಪಾರ' ಎಂಬ ಒಂದೇ ಹೆಸರಿನಡಿ ಹಲವು ಮುದ್ರೆಗಳಿವೆ. ಫೇರ್‌ಟ್ರೇಡ್‌ನಲ್ಲಿ ಕನಿಷ್ಠ ಬೆಲೆ ಇದೆ: 2023ರ ಆಗಸ್ಟ್ 1ರಿಂದ ವಾಷ್ಡ್ (ತೊಳೆದು ಸಂಸ್ಕರಿಸಿದ) ಅರೇಬಿಕಾಕ್ಕೆ ಒಂದು ಪೌಂಡ್ ತೂಕಕ್ಕೆ 1.80 ಡಾಲರ್, ಅದರ ಮೇಲೆ ರೈತ ಸಂಘಕ್ಕೆ 20 ಸೆಂಟ್ ಪ್ರೀಮಿಯಂ. ರೇನ್‌ಫಾರೆಸ್ಟ್ ಅಲಯನ್ಸ್ ಎಂಬ ಇನ್ನೊಂದು ಮುದ್ರೆಯಲ್ಲಿ ಹೀಗೆ ಕಟ್ಟಿದ ಕನಿಷ್ಠ ಬೆಲೆ ಇಲ್ಲ. ಇವೆರಡನ್ನು ಕೂಡಿಸಬೇಡಿ, ಬೇರೆ ಬೇರೆ ಕಾಲಂನಲ್ಲಿ ಇಡಿ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೂ ಈ ವ್ಯತ್ಯಾಸ ತಟ್ಟುತ್ತದೆ. ಕಾಫಿಯಲ್ಲಿ ಫೇರ್‌ಟ್ರೇಡ್ ಮುದ್ರೆ ಸಿಗುವುದು ಸಣ್ಣ ಹಿಡುವಳಿದಾರರ ಸಂಘಗಳಿಗೆ ಮಾತ್ರ; ಕೂಲಿಯಾಳುಗಳನ್ನಿಟ್ಟು ನಡೆಸುವ ದೊಡ್ಡ ಎಸ್ಟೇಟಿಗೆ ರೇನ್‌ಫಾರೆಸ್ಟ್ ದಾರಿ ಇದೆ, ಫೇರ್‌ಟ್ರೇಡ್ ಇಲ್ಲ.

ಸಾವಯವದ ಅಂಕಿಯನ್ನೂ ಜೊತೆಗೆ ಕೂಡಿಸಬಾರದು. ಜರ್ಮನಿಯಲ್ಲಿ ಮಾರಾಟವಾಗುವ ಫೇರ್‌ಟ್ರೇಡ್ ಕಾಫಿಯ ಬಹುಪಾಲು ಸಾವಯವವೂ ಹೌದು, ಕೂಡಿಸಿದರೆ ಅದೇ ಪೊಟ್ಟಣ ಎರಡು ಸಲ ಎಣಿಕೆಯಾಗುತ್ತದೆ.

ಫ್ರಾನ್ಸಿನ ಒಟ್ಟು ಮೊತ್ತದ ವಿಷಯದಲ್ಲಂತೂ ಮೈಯೆಲ್ಲ ಕಣ್ಣಾಗಿರಬೇಕು. 2014ರ ಜುಲೈ ಕಾನೂನಿನ ನಂತರ ಅಲ್ಲಿ ಫ್ರಾನ್ಸಿನದೇ ರೈತರ ಹಾಲು, ಹಿಟ್ಟು, ತರಕಾರಿಯೂ ನ್ಯಾಯಯುತ ವ್ಯಾಪಾರದ ವ್ಯಾಖ್ಯೆಯೊಳಗೆ ಬಂತು. ಆ ಮೊತ್ತವನ್ನು ಪಕ್ಕದ ದೇಶದ ಮೊತ್ತದ ಎದುರಿಗಿಟ್ಟರೆ ಹೋಲಿಕೆ ಅಲ್ಲಿಗೇ ಕೆಟ್ಟಿತು. ಆಹಾರವನ್ನಷ್ಟೇ ನೋಡುವವರು ಜರ್ಮನಿ, ಸ್ವಿಟ್ಜರ್ಲೆಂಡ್‌ಗಳ ಮೊತ್ತದಿಂದ ಗುಲಾಬಿ ಹೂವನ್ನೂ ಹತ್ತಿಯನ್ನೂ ಕಳೆಯಬೇಕು. ಗುಲಾಬಿ ಅಲ್ಲಿ ಸಣ್ಣ ಬಾಬತ್ತೇನಲ್ಲ.

ತೂಕವನ್ನು ಒಂದೇ ಅಳತೆಗೆ ತರುವುದು

ರಾಷ್ಟ್ರೀಯ ಸಂಸ್ಥೆಗಳ ವಾರ್ಷಿಕ ವರದಿಯಲ್ಲಿ ಕಾಫಿಯ ಟನ್ ಲೆಕ್ಕ ಹುಡುಕಿ. ಅದು ಹಸಿರು (ಹುರಿಯದ) ಬೀಜದ್ದೋ, ಹುರಿದದ್ದೋ, ಇನ್‌ಸ್ಟಂಟೋ ಎಂದು ಅಡಿಟಿಪ್ಪಣಿಯಲ್ಲಿ ಇರುತ್ತದೆ. ಇಲ್ಲದಿದ್ದರೆ ಸಂಸ್ಥೆಗೆ ಬರೆದು ಕೇಳಿ, ಊಹಿಸಬೇಡಿ. ಹುರಿಯುವಾಗ ಬೀಜದ ತೂಕ ಸುಮಾರು ಶೇ 16ರಷ್ಟು ಇಳಿಯುತ್ತದೆ. ಅದಕ್ಕಾಗಿ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಗುಣಕಗಳು ಹೀಗಿವೆ: ಹುರಿದದ್ದನ್ನು 1.19ರಿಂದ, ಇನ್‌ಸ್ಟಂಟನ್ನು 2.6ರಿಂದ ಗುಣಿಸಿದರೆ ಹಸಿರು ಬೀಜದ ತೂಕ ಬರುತ್ತದೆ. 100 ಟನ್ ಹುರಿದ ಕಾಫಿ ಎಂದರೆ 119 ಟನ್ ಬೀಜ, 100 ಟನ್ ಇನ್‌ಸ್ಟಂಟ್ ಎಂದರೆ 260 ಟನ್. ಇನ್‌ಸ್ಟಂಟ್ ಹೆಚ್ಚು ಕುಡಿಯುವ ಬ್ರಿಟನ್ನನ್ನು ಈ ಗುಣಾಕಾರವಿಲ್ಲದೆ ಹೋಲಿಸಿದರೆ ಅದರ ಪಾಲು ಇದ್ದುದಕ್ಕಿಂತ ಬಹಳ ಚಿಕ್ಕದಾಗಿ ಕಾಣುತ್ತದೆ. ಕೋಕೋ ಹಿಡಿಯುವವರಿಗೆ ಬೇರೆ ಗುಣಕಗಳು: ಬೆಣ್ಣೆಗೆ 1.33, ಲಿಕರ್‌ಗೆ (ಅರೆದ ಕೋಕೋ ಬೀಜದ ಮುದ್ದೆ) 1.25, ಪುಡಿಗೆ 1.18.

ಕೋಕೋದಲ್ಲಿ ಇನ್ನೊಂದು ತೊಡಕಿದೆ. ಬಿಳಿ ಹಿನ್ನೆಲೆಯ ಫೇರ್‌ಟ್ರೇಡ್ ಮುದ್ರೆ ಇರುವ ಚಾಕಲೇಟಿನಲ್ಲಿ ಕೋಕೋ ಮಾತ್ರ ಪ್ರಮಾಣಿತ, ಸಕ್ಕರೆ ಆಗಿರಬೇಕೆಂದಿಲ್ಲ. ಇಡೀ ಬಾರಿನ ಬೆಲೆಯನ್ನು ಮಾರಾಟಕ್ಕೆ ಸೇರಿಸಿದರೆ ಮೊತ್ತ ಉಬ್ಬುತ್ತದೆ.

ಭಾಗಿಸಬೇಕಾದ ಎರಡು ಸಂಖ್ಯೆ

ಜನಸಂಖ್ಯೆಗೆ ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿ ಯೂರೋಸ್ಟಾಟ್‌ನ ಜನವರಿ 1ರ ಅಂಕಿ ಸಾಕು. ವರ್ಷದ ಆರಂಭ ಮತ್ತು ಮರುವರ್ಷದ ಆರಂಭ, ಎರಡರ ಸರಾಸರಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಮೇಲಿನ ವರ್ಷಗಳಿಗೆ ಅದರದೇ ಅಂಕಿಅಂಶ ಕಚೇರಿಯ ಜೂನ್ ಕೊನೆಯ ಅಂದಾಜನ್ನು ಬಳಸಿ.

ಒಟ್ಟು ಬಳಕೆಯಲ್ಲಿ ಎಡವುವವರೇ ಹೆಚ್ಚು. ಆಮದನ್ನೇ ಬಳಕೆ ಎಂದುಕೊಳ್ಳುತ್ತಾರೆ. ಹ್ಯಾಂಬರ್ಗ್, ಬ್ರೆಮೆನ್, ಆಂಟ್‌ವರ್ಪ್ ಬಂದರುಗಳಿಗೆ ಇಳಿದ ಬೀಜದಲ್ಲಿ ಎಷ್ಟೋ ಭಾಗ ಮತ್ತೆ ಹೊರಗೆ ಹೋಗುತ್ತದೆ. ಸ್ವಿಟ್ಜರ್ಲೆಂಡ್ ಬೀಜ ತರಿಸಿ, ಕ್ಯಾಪ್ಸೂಲ್ (ಕಾಫಿ ಯಂತ್ರಕ್ಕೆ ಹಾಕುವ ಪುಟ್ಟ ಡಬ್ಬಿ) ಮಾಡಿ, ಲೋಕಕ್ಕೆಲ್ಲ ಮಾರುತ್ತದೆ. ಆದ್ದರಿಂದ ಆಮದಿನಿಂದ ಮರುರಫ್ತನ್ನು ಕಳೆದು, ದಾಸ್ತಾನಿನ ಏರಿಳಿತವನ್ನು ಸರಿಹೊಂದಿಸಿದ ಮೇಲೆ ಉಳಿಯುವುದನ್ನೇ ಬಳಕೆ ಎಂದು ಹಿಡಿಯಬೇಕು. ಇಷ್ಟನ್ನೂ ಹಸಿರು ಬೀಜದ ತೂಕದಲ್ಲೇ ಮಾಡಿ.

ಎರಡೂ ಭಾಗಾಕಾರ ಏಕೆ ಬೇಕೆಂದು ಒಂದು ಕಾಲ್ಪನಿಕ ಲೆಕ್ಕ ನೋಡಿ. ದೇಶ 'ಕ': 84 ಲಕ್ಷ ಜನ, 3,400 ಟನ್ ಹುರಿದ ಫೇರ್‌ಟ್ರೇಡ್ ಕಾಫಿ. ದೇಶ 'ಖ': 8.4 ಕೋಟಿ ಜನ, 24,000 ಟನ್. ಒಟ್ಟು ತೂಕದಲ್ಲಿ ಖ ಏಳು ಪಟ್ಟು ಮುಂದೆ. ತಲಾ ಲೆಕ್ಕದಲ್ಲಿ ಕ 405 ಗ್ರಾಂ, ಖ 286 ಗ್ರಾಂ. ಈಗ ಕ ಮುಂದೆ. ಹಸಿರು ಬೀಜಕ್ಕೆ ತಿರುಗಿಸಿದರೆ 482 ಮತ್ತು 340 ಗ್ರಾಂ. ಕ ದೇಶದವರು ವರ್ಷಕ್ಕೆ ತಲಾ 7.5 ಕಿಲೋ ಬೀಜದ ಕಾಫಿ ಕುಡಿಯುವವರು, ಖ ದೇಶದವರು 5 ಕಿಲೋ ಎಂದಿಟ್ಟುಕೊಂಡರೆ ಪಾಲು ಶೇ 6.4 ಮತ್ತು ಶೇ 6.8. ಮತ್ತೆ ಖ ಮುಂದೆ! ಮೂರೂ ಉತ್ತರ ಸರಿಯೇ, ಪ್ರಶ್ನೆಗಳು ಬೇರೆ. ಗ್ರಾಹಕರ ಒಲವನ್ನು ಅಳೆಯುವವರಿಗೆ ಕೊನೆಯದು ಬೇಕು, ರೈತ ಸಂಘಕ್ಕೆ ಎಷ್ಟು ಮಾಲು ಹೋಗುತ್ತದೆ ಎನ್ನುವವರಿಗೆ ಮೊದಲನೆಯದು.

ಹಣದಲ್ಲೇ ಹೋಲಿಸಲೇಬೇಕಾದರೆ

ಕೆಲವು ದೇಶಗಳು ಟನ್ ಕೊಡದೆ ಮೊತ್ತ ಮಾತ್ರ ಕೊಡುತ್ತವೆ. ಆಗ ಬೆಳವಣಿಗೆಯ ದರವನ್ನು ಆಯಾ ದೇಶದ ನಾಣ್ಯದಲ್ಲೇ ಲೆಕ್ಕ ಹಾಕಿ, ಯುರೋಗೆ ತಿರುಗಿಸುವ ಮುಂಚೆ. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕ್ ಯುರೋಗೆ 1.20 ಫ್ರಾಂಕ್ ಎಂಬ ಮಿತಿಯನ್ನು ಕೈಬಿಟ್ಟಿತು. 2014ರ ಸರಾಸರಿ ದರ ಸುಮಾರು 1.21, 2015ರದು ಸುಮಾರು 1.07. ಎರಡೂ ವರ್ಷ 100 ಫ್ರಾಂಕಿನಷ್ಟೇ ಮಾರಿದ ಅಂಗಡಿ ಯುರೋದಲ್ಲಿ ಶೇ 13ರಷ್ಟು ಬೆಳೆದಂತೆ ಕಾಣುತ್ತದೆ. ಐರೋಪ್ಯ ಒಕ್ಕೂಟ ಬಿಡುವ ಕುರಿತ 2016ರ ಜನಮತದ ಬಳಿಕ ಬ್ರಿಟನ್ನಿನ ನಾಣ್ಯ ಪೌಂಡಿನ ಕಥೆ ಇದರ ತಿರುವುಮುರುವು.

ತೆರಿಗೆಯನ್ನೂ ಗಮನಿಸಿ. ಬ್ರಿಟನ್ನಿನಲ್ಲಿ ಕಾಫಿ ಪೊಟ್ಟಣಕ್ಕೆ ವ್ಯಾಟ್ ಸೊನ್ನೆ, ಡೆನ್ಮಾರ್ಕಿನಲ್ಲಿ ಆಹಾರಕ್ಕೂ ಶೇ 25. ಜರ್ಮನಿಯಲ್ಲಿ ಶೇ 7, ಅದು ಸಾಲದೆಂಬಂತೆ ಹುರಿದ ಕಾಫಿಗೆ ಕಿಲೋಗೆ 2.19 ಯುರೋ ಪ್ರತ್ಯೇಕ ಕಾಫಿ ತೆರಿಗೆ. ಆಯಾ ದೇಶದ ಬೆಲೆ ಮಟ್ಟದ ಸೂಚ್ಯಂಕದಿಂದ, ಅದರಲ್ಲೂ ಆಹಾರದ ಸೂಚ್ಯಂಕದಿಂದ, ಭಾಗಿಸಿದರೆ ಸ್ವಿಟ್ಜರ್ಲೆಂಡಿನ ದುಬಾರಿತನದಿಂದ ಬಂದ ಹೊಳಪು ಒಂದಿಷ್ಟು ಕಳೆಯುತ್ತದೆ. ಮಾರುಕಟ್ಟೆ ದರವೂ ಮೋಸ ಮಾಡುತ್ತದೆ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಆ ವರ್ಷದ ಮೊತ್ತ ಏರಿದರೆ ಒಂದು ಲೋಟವೂ ಹೆಚ್ಚು ಮಾರಾಟವಾಗದೆ ಏರಿರಬಹುದು.

ಸರಣಿ ಮುರಿಯುವ ಜಾಗಗಳು

ರೇಖೆ ಥಟ್ಟನೆ ಬಿದ್ದರೆ ಗ್ರಾಹಕರು ಮುಖ ತಿರುಗಿಸಿದರು ಎಂದು ಬರೆಯಲು ಅವಸರ ಬೇಡ. ಬ್ರಿಟನ್ನಿನಲ್ಲಿ 2009ರಲ್ಲಿ ಫೇರ್‌ಟ್ರೇಡ್‌ಗೆ ಬಂದ ಕ್ಯಾಡ್‌ಬರಿ ಡೈರಿ ಮಿಲ್ಕ್ 2016ರಲ್ಲಿ ಕಂಪನಿಯದೇ ಕೋಕೋ ಲೈಫ್ ಯೋಜನೆಗೆ ಹೊರಳಿತು. ಸೂಪರ್‌ಮಾರ್ಕೆಟ್ ಸರಣಿ ಸೇನ್ಸ್‌ಬರೀಸ್ 2017ರಲ್ಲಿ ತನ್ನ ಚಹಾವನ್ನು ಮುದ್ರೆಯಿಂದ ಹೊರತಂದಿತು. 2020ರಲ್ಲಿ ಕಿಟ್‌ಕ್ಯಾಟ್ ರೇನ್‌ಫಾರೆಸ್ಟ್‌ಗೆ ಹೋಯಿತು. ಒಂದೇ ಕಂಪನಿಯ ಸಹಿ ಇಡೀ ದೇಶದ ಅಂಕಿಯನ್ನು ಅಲ್ಲಾಡಿಸುತ್ತದೆ. ಪ್ರತಿ ಸಾಲಿನ ಕೊನೆಗೆ 'ಷರಾ' ಎಂಬ ಕಾಲಂ ಇಟ್ಟು ಇಂಥ ಬದಲಾವಣೆ, ಅಂಕಿಯ ಮೂಲ, ಅಳತೆ ಬರೆದಿಡಿ. ಉಟ್ಜ್ ಎಂಬ ಮುದ್ರೆಯ ಅಂಕಿ ಇದ್ದರೆ 2018ರಿಂದ ಅದು ರೇನ್‌ಫಾರೆಸ್ಟ್‌ನೊಳಗೆ ಸೇರಿದೆ ಎಂದೂ.

ಮುಗಿಸುವ ಮುನ್ನ ಪ್ರತಿ ದೇಶದ ಮೊತ್ತವನ್ನು ಅದರದೇ ತೂಕದಿಂದ ಭಾಗಿಸಿ ಕಿಲೋ ಬೆಲೆ ತೆಗೆಯಿರಿ. ಅಂಗಡಿಯ ಪುಡಿ ಕಾಫಿಯ ಬೆಲೆಗೆ ಹತ್ತಿರವಿದ್ದರೆ ಸರಿ. ಕಿಲೋಗೆ 70 ಯುರೋ ಬಂದರೆ ಅಲ್ಲಿ ಕ್ಯಾಪ್ಸೂಲ್ ಇದೆ: 5.5 ಗ್ರಾಮಿನ ಒಂದಕ್ಕೆ 40 ಸೆಂಟ್ ಎಂದರೂ ಕಿಲೋಗೆ ಸುಮಾರು 73 ಯುರೋ ಆಗುತ್ತದೆ. ತೀರಾ ಕಡಿಮೆ, 4 ಯುರೋದಷ್ಟು ಬಂದರೆ ತೂಕ ಹಸಿರು ಬೀಜದ್ದು ಆಗಿರಬಹುದು, ಇಲ್ಲವೇ ಮೊತ್ತ ಚಿಲ್ಲರೆ ಬೆಲೆಯದಲ್ಲದೆ ಸಗಟು ಬೆಲೆಯದು. ಆ ಸಾಲನ್ನು ಕೋಷ್ಟಕದಿಂದ ಎತ್ತಿಟ್ಟು, ಅಂಕಿ ಕೊಟ್ಟವರನ್ನು ಮೊದಲು ಕೇಳಿ.