ತುಟಿ ಚುಚ್ಚಿಸಿಕೊಂಡ ಮೇಲಿನ ಆರೈಕೆ: ನನ್ನ ಅನುಭವ

ನನ್ನ ಕೆಳತುಟಿಯ ಎಡಬದಿಗೆ, ಅಂಚಿನಿಂದ ಚೂರು ಕೆಳಗೆ, ಒಂದು ಪುಟ್ಟ ಟೈಟಾನಿಯಂ ಬೊಟ್ಟು ಇದೆ. ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಚುಚ್ಚಿಸಿಕೊಂಡದ್ದು. ಈಗ ಪೂರ್ತಿ ಮಾಯ್ದಿದೆ. ನೋಡಿದವರೆಲ್ಲ ಕೇಳುವುದು "ತುಂಬಾ ನೋವಾಯ್ತಾ?" ಅಂತ. ಆಮೇಲೆ ಹೇಗೆ ನೋಡಿಕೊಂಡೆ ಅಂತ ಕೇಳುವವರು ಕಡಿಮೆ. ತುಟಿ ಕೆಡುವುದು, ಉಳಿಯುವುದು ಅಲ್ಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚುಚ್ಚುವುದು ನಮ್ಮ ಮನೆಗೆ ಹೊಸದಲ್ಲ. ನನ್ನ ಕಿವಿ, ಮೂಗು ಎರಡನ್ನೂ ಚುಚ್ಚಿದ್ದು ಅಕ್ಕಸಾಲಿಗರು, ಚಿನ್ನದ ತಂತಿಯಲ್ಲಿ. ಮಂಡ್ಯ ಕಡೆ ಅಮ್ಮನ ಊರಿನ ಹಬ್ಬದಲ್ಲಿ ಹರಕೆ ಹೊತ್ತವರು ಕೆನ್ನೆಗೆ ಸರಳು ಚುಚ್ಚಿಸಿಕೊಂಡು ಬಾಯಿಬೀಗ ಹಾಕಿಸಿಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗಾಗಿ ಅಮ್ಮನಿಗೆ ಸೂಜಿಯ ಭಯವಿರಲಿಲ್ಲ. "ಬಾಯಿಬೀಗಾನ ಯಾರಾದ್ರೂ ಮನೇಗೂ ಹಾಕ್ಕೊಂಡ್ ಬರ್ತಾರೇನೇ?" ಅಂದಳು. ಅವಳು ಹೇಳಿದ್ದರಲ್ಲಿ ವಿಷಯವಿದೆ. ಬಾಯಿಬೀಗವನ್ನು ಹರಕೆ ತೀರಿದ ಮೇಲೆ ತೆಗೆಯುತ್ತಾರೆ, ಗಾಯ ಕೂಡಿಕೊಳ್ಳುತ್ತದೆ. ತುಟಿಯ ಆಭರಣ ಹಾಗಲ್ಲ. ಲೋಹ ಒಳಗೇ ಇರುತ್ತದೆ, ಅದರ ಸುತ್ತಲೂ ಚರ್ಮ ನಿಧಾನವಾಗಿ ಬೆಳೆಯಬೇಕು. ಇನ್ನೊಂದು, ಕಿವಿಗೆ ಎರಡೂ ಕಡೆ ಚರ್ಮ. ತುಟಿಗೆ ಹೊರಗೆ ಚರ್ಮ, ಒಳಗೆ ಬಾಯಿಯ ಒದ್ದೆ ಪೊರೆ. ಆದ್ದರಿಂದ ಒಳಗಿಗೆ ಒಂದು ಆರೈಕೆ, ಹೊರಗಿಗೆ ಇನ್ನೊಂದು.

ಸ್ಟುಡಿಯೊ ಹುಡುಕುವಾಗ ನಾನು ನೋಡಿದ್ದು ಮುಖ್ಯವಾಗಿ ಸೂಜಿ ಮತ್ತು ಲೋಹ. ಗನ್ನಿನಲ್ಲಿ ಚುಚ್ಚುತ್ತೇವೆ ಅಂದ ಕಡೆ ಒಳಗೇ ಹೋಗಲಿಲ್ಲ. ಗನ್ನು ಮೊಂಡು ಕಡ್ಡಿಯನ್ನು ಒತ್ತಿ ತೂರಿಸುತ್ತದೆ, ಅದನ್ನು ಸರಿಯಾಗಿ ಸ್ಟೆರಿಲೈಸ್ ಮಾಡುವುದೂ ಕಷ್ಟ. ಒಳಗೆ ಟೊಳ್ಳಿರುವ ಸೂಜಿ ಬೇಕು, ಒಬ್ಬರಿಗೆ ಒಂದೇ ಸಲ ಬಳಸುವಂಥದ್ದು. ನನ್ನ ಕಣ್ಣೆದುರೇ ಪೊಟ್ಟಣ ಒಡೆದರು. ಆಟೋಕ್ಲೇವ್‌ನಲ್ಲಿ ಇಟ್ಟು, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿ ಕೊಂದು, ತೆಗೆದಿದ್ದರೆ ಪೊಟ್ಟಣದ ಮೇಲಿನ ಗುರುತಿನ ಬಣ್ಣ ಬದಲಾಗಿರುತ್ತದೆ, ಅದನ್ನೂ ಕೇಳಿ ನೋಡಿದೆ. ಕೇಳಿದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಆರ್ಟಿಫಿಷಿಯಲ್ ಓಲೆ ಹಾಕಿದರೆ ನನ್ನ ಕಿವಿ ತುರಿಸುತ್ತದೆ, ಹೆಚ್ಚಾಗಿ ನಿಕ್ಕಲ್‌ನಿಂದ ಆಗುವ ತೊಂದರೆ ಅದು. ಅದಕ್ಕೆ ದೇಹದೊಳಗೆ ಕೂರಿಸುವ ದರ್ಜೆಯ ಟೈಟಾನಿಯಂ, ಎಎಸ್‌ಟಿಎಂ ಎಫ್136 ಅಂತ ಗುಣಮಟ್ಟದ ಗುರುತು ಇರುವುದನ್ನೇ ಆರಿಸಿಕೊಂಡೆ. ತುಟಿಯೊಳಗೆ ಕೂರುವ ಕಡ್ಡಿಯ ಅಳತೆ 16 ಗೇಜ್, ಅಂದರೆ 1.2 ಮಿಲಿಮೀಟರ್ ದಪ್ಪ. ಉದ್ದ 10 ಮಿಲಿಮೀಟರ್. ಒಳಗಡೆ ಗುಂಡು ಬೇಡ, ಚಪ್ಪಟೆ ಬಿಲ್ಲೆ ಇರಲಿ. ಹಲ್ಲಿಗೆ, ವಸಡಿಗೆ ಅದೇ ವಾಸಿ.

ಚುಚ್ಚಿದ್ದು ಬಹಳ ಬೇಗ ಮುಗಿಯಿತು. ಬಾಯಿ ಮುಕ್ಕಳಿಸಿದೆ, ಅವರು ಗುರುತು ಹಾಕಿ ಕನ್ನಡಿ ಕೊಟ್ಟರು, ಉಸಿರು ಬಿಡಿ ಅಂದರು, ಕಣ್ಣಲ್ಲಿ ನೀರು ಬಂತು, ಅಷ್ಟೇ.

ತುಟಿ ಊದಿಕೊಳ್ಳುವುದು ಮಾಮೂಲು. ಮೊದಲ ಮೂರ್ನಾಲ್ಕು ದಿನ ಜಾಸ್ತಿ. ಕಡ್ಡಿಯನ್ನು ಉದ್ದ ಹಾಕಿರುವುದೇ ಈ ಊತಕ್ಕೆ ಜಾಗ ಬಿಡಲಿಕ್ಕೆ. ಐಸ್ ಚೂರುಗಳನ್ನು ಬಾಯಲ್ಲಿಟ್ಟುಕೊಂಡು ಕರಗಿಸುತ್ತಿದ್ದೆ. ಊಟದ ವಿಚಾರದಲ್ಲಿ ನನ್ನನ್ನು ಕಾಪಾಡಿದ್ದು ರಾಗಿ ಮುದ್ದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ ಅಲ್ವಾ? ಬಿಲ್ಲೆಯ ಮೇಲೆ ಹಲ್ಲು ಬೀಳುವ ಭಯವೇ ಇಲ್ಲ. ಬಿಸಿ ಆರಲು ಬಿಟ್ಟು, ಬಸ್ಸಾರಿನ ಬದಲು ಉಪ್ಪು ಹಾಕಿದ ತಣ್ಣನೆ ಮಜ್ಜಿಗೆಯ ಜೊತೆ ಸಣ್ಣ ಸಣ್ಣ ತುತ್ತು ಮಾಡಿ ನುಂಗಿದೆ. ಮೊಸರನ್ನ, ಅಂಬಲಿ, ಎಳನೀರು ಕೂಡ ಆಗುತ್ತವೆ. ಎಳನೀರನ್ನು ಸ್ಟ್ರಾ ಇಲ್ಲದೆ ಲೋಟಕ್ಕೆ ಹಾಕಿಸಿಕೊಂಡು ಕುಡಿದೆ, ಹೀರುವಾಗ ತುಟಿ ಎಳೆಯುತ್ತದೆ. ಉಪ್ಪಿನಕಾಯಿ, ಚಟ್ನಿಪುಡಿ, ನಿಪ್ಪಟ್ಟು, ಕುದಿಯುವ ಕಾಫಿ ಊತ ಇಳಿಯುವವರೆಗೆ ಬೇಡ. ಆಕಳಿಸುವಾಗಲೂ ಹುಷಾರು.

ಹೊರಗಡೆಯ ಗಾಯಕ್ಕೆ ನಾನು ಬಳಸಿದ್ದು ಸಲೈನ್ ಒಂದೇ. ಮೆಡಿಕಲ್ ಸ್ಟೋರಿನಲ್ಲಿ 0.9 ಪರ್ಸೆಂಟ್ ಸೋಡಿಯಂ ಕ್ಲೋರೈಡ್ ಅಂತ ಬರೆದಿರುವ ಚಿಕ್ಕ ಬಾಟಲಿ ಸಿಗುತ್ತದೆ. ಅದರಲ್ಲಿ ಕೆಡದಂತೆ ಇಡುವ ರಾಸಾಯನಿಕ ಇಲ್ಲ, ಹಾಗಾಗಿ ಒಮ್ಮೆ ಒಡೆದದ್ದನ್ನು ದಿನಗಟ್ಟಲೆ ಇಡಬಾರದು. ಒತ್ತಿದರೆ ಚಿಮ್ಮುವ ಸ್ಪ್ರೇ ಕ್ಯಾನ್ ಸಿಕ್ಕರೆ ಇನ್ನೂ ಸಲೀಸು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸಾಕು. ಸೋಪು ಹಾಕಿ ಕೈ ತೊಳೆದುಕೊಂಡು, ಗಾಜ್ ಬಟ್ಟೆಯನ್ನು ಸಲೈನ್‌ನಲ್ಲಿ ಒದ್ದೆ ಮಾಡಿ, ಒಣಗಿ ಅಂಟಿದ ಪುಡಿ ಮೆತ್ತಗಾಗುವ ತನಕ ಹಿಡಿದಿಡುತ್ತಿದ್ದೆ. ತಾನಾಗಿ ಬಂದಷ್ಟನ್ನೇ ಒರೆಸುವುದು. ಉಗುರಿನಲ್ಲಿ ಕೆರೆದು ತೆಗೆಯಬಾರದು. ಆಮೇಲೆ ಟಿಶ್ಯೂ ಪೇಪರ್‌ನಿಂದ ಒತ್ತಿ ಒಣಗಿಸುವುದು. ಟವೆಲ್ಲಿನ ನೂಲು ಬೊಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ಅಮ್ಮ ಅರಿಶಿನ, ಕೊಬ್ಬರಿ ಎಣ್ಣೆ ಹಿಡಿದುಕೊಂಡು ಬಂದಳು. ಕಿವಿಗೆ ಹಚ್ಚಿದ್ದು ಅದನ್ನೇ. ಅವಳ ಕೈ ಹಿಡಿದು ಕೂರಿಸಿಕೊಂಡು ವಿವರಿಸಿದೆ. ಎಣ್ಣೆ ಗಾಯದ ಬಾಯಿ ಮುಚ್ಚುತ್ತದೆ, ಒಳಗಿನ ರಸ ಹೊರಗೆ ಬರಲು ದಾರಿ ಇರುವುದಿಲ್ಲ. ಅಡುಗೆಮನೆಯ ಅರಿಶಿನದ ಪುಡಿ ಸ್ಟೆರೈಲ್ ಅಲ್ಲ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಇನ್ನೂ ಜೋರು, ಆಗತಾನೇ ಬೆಳೆಯುತ್ತಿರುವ ಚರ್ಮವನ್ನೇ ಸುಡುತ್ತವೆ. ಗಾಯವನ್ನು ಸುಮ್ನೆ ಬಿಟ್ಟರೆ ಅದರ ಕೆಲಸ ಅದು ಮಾಡಿಕೊಳ್ಳುತ್ತದೆ. ಅಮ್ಮ ಒಪ್ಪಿದಳು, ಮುದ್ದೆ ತೊಳಸಿ ಕೊಟ್ಟಳು.

ಒಳಗಡೆಗೆ, ಏನೇ ತಿಂದರೂ ಕುಡಿದರೂ ಆಮೇಲೆ ಶುದ್ಧ ನೀರಿನಲ್ಲಿ ಬಾಯಿ ಮುಕ್ಕಳಿಸುವುದು. ಬೆಳಿಗ್ಗೆ ರಾತ್ರಿ ಆಲ್ಕೊಹಾಲ್ ಇಲ್ಲದ ಮೌತ್‌ವಾಶ್. ಕ್ಲೋರ್‌ಹೆಕ್ಸಿಡಿನ್ ಇರುವುದನ್ನು ವೈದ್ಯರು ಹೇಳದೆ ವಾರಗಟ್ಟಲೆ ಬಳಸಬೇಡಿ, ಹಲ್ಲಿಗೆ ಕಂದು ಕಲೆ ಕೂರುತ್ತದೆ. ಹೊಸ, ಮೆತ್ತನೆಯ ಬ್ರಷ್ ಬೇಕು. ಬಿಲ್ಲೆಯ ಮೇಲೂ ಹಲ್ಲಿನ ಮೇಲೆ ಕಟ್ಟುವ ಹಾಗೆಯೇ ಪಾಚಿ ಕಟ್ಟುತ್ತದೆ, ಮಾಯ್ದ ಮೇಲೆ ಅದನ್ನೂ ಉಜ್ಜಬೇಕು. ಸಿಗರೇಟು, ಮುತ್ತು, ಈಜುಕೊಳ ಮೂರನ್ನೂ ಮುಂದೂಡಿ. ನಾನು ಸ್ಕೂಟರ್ ಓಡಿಸುವವಳು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕುವಾಗ, ತೆಗೆಯುವಾಗ ಅದರ ಸ್ಪಂಜು ಬೊಟ್ಟಿಗೆ ತಗುಲುತ್ತಿತ್ತು. ಎರಡೂ ಕೈಯಲ್ಲಿ ಅಗಲಿಸಿ ನಿಧಾನ ಎತ್ತುವುದು ರೂಢಿಯಾಯಿತು.

ಬಿಳಿ ಅಥವಾ ತಿಳಿಹಳದಿ ರಸ ಜಿನುಗಿ ಒಣಗುವುದು ಕೀವಲ್ಲ, ಗಾಬರಿ ಬೇಡ. ಬಿಲ್ಲೆ ಒಳತುಟಿಯಲ್ಲಿ ಚೂರು ಹುದುಗಿ ಕೂರುವುದೂ ಸಹಜ. ಆದರೆ ಚರ್ಮ ಅದರ ಮೇಲೆ ಹಬ್ಬತೊಡಗಿದರೆ ಅದೇ ದಿನ ಪಿಯರ್ಸರ್, ಅಂದರೆ ಚುಚ್ಚಿದವರ ಹತ್ತಿರ ಹೋಗಿ. ಹಸಿರು ಅಥವಾ ನಾತದ ಕೀವು, ಹರಡುವ ಕೆಂಪು, ಜ್ವರ, ನುಂಗಲು ಕಷ್ಟ, ಇವು ಕಂಡರೆ ನೇರ ಡಾಕ್ಟರ್ ಹತ್ತಿರ. ಆಭರಣವನ್ನು ನೀವೇ ಕಿತ್ತುಹಾಕಬೇಡಿ. ಹೊರಗಿನ ತೂತು ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಹೃದಯದ ಕವಾಟದ ತೊಂದರೆ ಇರುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಚುಚ್ಚಿಸುವ ಮುಂಚೆಯೇ ಡಾಕ್ಟರನ್ನು ಕೇಳಬೇಕು. ಮನೆಯಲ್ಲಿ ಯಾರಿಗಾದರೂ ಗಾಯದ ಕಲೆ ಉಬ್ಬಿ ಬೆಳೆಯುವ ಕೆಲಾಯ್ಡ್ ಇದ್ದರೂ ಅಷ್ಟೇ.

ಊತ ಪೂರ್ತಿ ಇಳಿದ ಮೇಲೆ ಸ್ಟುಡಿಯೊಗೆ ಹೋಗಿ ಕಡ್ಡಿಯನ್ನು ಗಿಡ್ಡದಕ್ಕೆ ಬದಲಾಯಿಸಿಕೊಂಡೆ. ಎಷ್ಟೋ ಜನ ಇದನ್ನು ಬಿಟ್ಟೇಬಿಡುತ್ತಾರೆ, ನೋಡಿದರೆ ಸಂಕಟವಾಗುತ್ತದೆ. ಉದ್ದ ಕಡ್ಡಿ ದಿನವಿಡೀ ಹಲ್ಲಿಗೆ ಬಡಿಯುತ್ತದೆ, ವಸಡನ್ನು ಉಜ್ಜುತ್ತದೆ. ಒಮ್ಮೆ ಕೆಳಗೆ ಸರಿದ ವಸಡು ಮತ್ತೆ ಮೇಲೆ ಬೆಳೆಯುವುದಿಲ್ಲ. ಅಮೆರಿಕದ ದಂತವೈದ್ಯರ ಸಂಘ ಬಾಯಿಯ ಚುಚ್ಚುವಿಕೆಯೇ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ. ಅದನ್ನು ತಿಳಿದುಕೊಂಡೇ ನಾನು ಚುಚ್ಚಿಸಿಕೊಂಡೆ. ತುಟಿಯ ಗಾಯ ಮಾಯಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಹೊರಗೆ ಒಣಗಿದಂತೆ ಕಂಡರೂ ನಡುವೆ ಇನ್ನೂ ಹಸಿ ಇರುತ್ತದೆ. ಹಾಗಾಗಿ ಆ ಅವಧಿ ದಾಟುವವರೆಗೆ ಬೇರೆ ಬಣ್ಣದ ಬೊಟ್ಟನ್ನೂ ಹಾಕಲಿಲ್ಲ. ಈಗ ಹಲ್ಲಿನ ಡಾಕ್ಟರ್ ಹತ್ತಿರ ತಪ್ಪದೆ ಹೋಗುತ್ತೇನೆ, ಬಿಲ್ಲೆ ತಾಗುವ ಜಾಗದ ವಸಡನ್ನು ಅಳೆದು ನೋಡಲು ಹೇಳುತ್ತೇನೆ. ವಸಡು ಸರಿಯಲು ಶುರುವಾಗಿದೆ ಅಂದರೆ ಅಂದೇ ತೆಗೆಸುತ್ತೇನೆ. ನನಗೆ ಈ ಬೊಟ್ಟು ಬಹಳ ಇಷ್ಟ. ಹಲ್ಲು ಅದಕ್ಕಿಂತ ಮುಖ್ಯ.