ಹಿಂದಿನ ವಕೀಲರ ವಿರುದ್ಧದ ದಾವೆ: ಅವಧಿ ಮೀರಿದ ಮೇಲ್ಮನವಿಗೆ ಅನುಮತಿ ಕೋರುವ ಬಗೆ

ನಿಮ್ಮ ಹಿಂದಿನ ವಕೀಲರ ನಿರ್ಲಕ್ಷ್ಯಕ್ಕೆ ಪರಿಹಾರ ಕೋರಿ ಮೈಸೂರಿನ ಸಿವಿಲ್ ನ್ಯಾಯಾಲಯದಲ್ಲಿ ಹೂಡಿದ ದಾವೆ ವಜಾ ಆಗಿದ್ದರೆ, ಮೊದಲು ತೀರ್ಪು ಮತ್ತು ಡಿಕ್ರಿಯ (ತೀರ್ಪಿನ ಅಂತಿಮ ಆದೇಶದ ಪತ್ರ) ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಜಿಲ್ಲಾ ಹಂತದ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನಗಳ ಕಾಲಮಿತಿಯಿದ್ದು, ನಕಲು ಪಡೆಯಲು ಹಿಡಿದ ಸಮಯವನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ; ಆದ್ದರಿಂದ ಅರ್ಜಿ ಸಲ್ಲಿಸಿದ ದಿನ, ನಕಲು ಸಿದ್ಧವಾದ ದಿನಗಳನ್ನು ತೋರಿಸುವ ಮೊಹರು ಸ್ಪಷ್ಟವಾಗಿದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ.

ಅವಧಿ ಮೀರಿದ್ದರೆ, 1963ರ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ವಿಳಂಬ ಮನ್ನಾ ಅರ್ಜಿಯನ್ನು ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮೇಲ್ಮನವಿಯ ಜೊತೆಯಲ್ಲೇ ಸಲ್ಲಿಸಬೇಕು. ಇಲ್ಲಿಯೇ ಬಹುತೇಕರು ಎಡವುವುದು. ‘ಆರೋಗ್ಯ ಸರಿಯಿರಲಿಲ್ಲ’ ಎಂಬ ಒಂದೇ ಸಾಲು ಸಾಲದು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಏಕೆ ಬರಲಾಗಲಿಲ್ಲ ಎಂಬುದನ್ನು ಆಸ್ಪತ್ರೆಯ ಚೀಟಿಯಂಥ ದಾಖಲೆ ಸಹಿತ ವಿವರಿಸಬೇಕು. ವಕೀಲರ ಮೇಲಿನ ಸಿಟ್ಟನ್ನು ಈ ಅರ್ಜಿಯಲ್ಲಿ ತೋಡಿಕೊಂಡು ಪ್ರಯೋಜನವಿಲ್ಲ, ಏಕೆಂದರೆ ನ್ಯಾಯಾಲಯ ಇಲ್ಲಿ ಪರಿಶೀಲಿಸುವುದು ವಿಳಂಬದ ಕಾರಣವನ್ನು.

ಹಳೆಯ ಕಡತ ಇನ್ನೂ ಹಿಂದಿನ ವಕೀಲರ ಬಳಿಯೇ ಇದ್ದರೆ ಲಿಖಿತವಾಗಿ ಕೇಳಿ. ಶುಲ್ಕ ಬಾಕಿಯೆಂದು ಕಕ್ಷಿದಾರರ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ.

ಗ್ರಾಹಕರ ಆಯೋಗದ ದಾರಿಯನ್ನಂತೂ ಹಿಡಿಯಬೇಡಿ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಳಪಡುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ತೀರ್ಪಾಗಿದೆ. ವೃತ್ತಿ ದುರ್ನಡತೆಯ ದೂರು ರಾಜ್ಯ ವಕೀಲರ ಪರಿಷತ್ತಿಗೆ ಹೋಗಬೇಕು. ಅದರ ಶಿಸ್ತು ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ, ಆದೇಶ ತಲುಪಿದ 60 ದಿನಗಳೊಳಗೆ ಭಾರತೀಯ ವಕೀಲರ ಪರಿಷತ್ತಿಗೆ ಮೇಲ್ಮನವಿ ಸಲ್ಲಿಸಬಹುದು.