ಕೈಯಲ್ಲಿ ಎರಡು ಪಾಸ್‌ಪೋರ್ಟ್: ಯಾವ ಕೌಂಟರಿನಲ್ಲಿ ಯಾವುದು?

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಕೇಳುವವರು ಎರಡು ಬಗೆಯವರು. ಇಳಿಯುವ ದೇಶ ಈ ಪ್ರಯಾಣಿಕರನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ ಎಂಬುದು ಚೆಕ್-ಇನ್ ಕೌಂಟರಿನವರ ಚಿಂತೆ. ಇವರು ನಮ್ಮ ದೇಶದಲ್ಲಿ ಯಾವ ಹಕ್ಕಿನ ಮೇಲೆ ಇದ್ದರು, ಅಥವಾ ಇರಲಿದ್ದಾರೆ ಎಂಬುದು ಇಮಿಗ್ರೇಷನ್ ಅಧಿಕಾರಿಯ ಪ್ರಶ್ನೆ. ಎರಡು ದೇಶಗಳ ಪೌರತ್ವ ಇರುವವರು ಈ ವ್ಯತ್ಯಾಸ ಹಿಡಿದುಕೊಂಡರೆ ಯಾವ ಪಾಸ್‌ಪೋರ್ಟ್ ಎಲ್ಲಿ ತೆಗೆಯಬೇಕೆಂಬುದು ಬಹುಪಾಲು ತಾನಾಗಿಯೇ ಹೊಳೆಯುತ್ತದೆ.

ಟಿಕೆಟ್ ಕೊಳ್ಳುವ ಮೊದಲು

ನಿಮ್ಮ ಎರಡೂ ದೇಶಗಳು ದ್ವಿಪೌರತ್ವವನ್ನು ಒಪ್ಪುತ್ತವೆಯೇ ಎಂಬುದು ಮೊದಲು ಇತ್ಯರ್ಥವಾಗಬೇಕು. ಎಲ್ಲ ದೇಶಗಳೂ ಒಪ್ಪುವುದಿಲ್ಲ. ಭಾರತದಲ್ಲಿ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಅಲ್ಲಿಗೇ ಕೊನೆಗೊಳ್ಳುತ್ತದೆ. ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಎರಡನೇ ಪೌರತ್ವವಲ್ಲ. ಅವಧಿ ಮುಗಿದಿಲ್ಲವೆಂದು ಹಳೆಯ ಭಾರತೀಯ ಪಾಸ್‌ಪೋರ್ಟನ್ನೇ ತೋರಿಸಿ ಓಡಾಡಿದರೆ ದಂಡ ತೆರಬೇಕಾಗುತ್ತದೆ. ಇಲ್ಲಿಂದ ಮುಂದೆ ಹೇಳುವುದೆಲ್ಲ ಎರಡೂ ಪೌರತ್ವಗಳು ಕಾನೂನಿನ ಪ್ರಕಾರವೇ ಇರುವವರಿಗೆ.

ನಂತರದ್ದು, ‘ನಮ್ಮ ಪೌರರು ನಮ್ಮ ಪಾಸ್‌ಪೋರ್ಟಿನಲ್ಲೇ ಬರಬೇಕು’ ಎಂಬ ನಿಯಮ. ಅಮೆರಿಕದ ಪೌರರು ದೇಶದೊಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಅಮೆರಿಕದ ಪಾಸ್‌ಪೋರ್ಟ್ ಬಳಸಬೇಕು; ಅಲ್ಲಿ ಹುಟ್ಟಿ ಬೇರೆ ದೇಶದಲ್ಲಿ ಬೆಳೆಯುತ್ತಿರುವ ಕೂಸಿಗೂ ಇದೇ ನಿಯಮ. ದಕ್ಷಿಣ ಆಫ್ರಿಕಾದ ವಯಸ್ಕ ಪೌರರು ಬೇರೆ ದೇಶದ ಪಾಸ್‌ಪೋರ್ಟ್ ತೋರಿಸಿ ದೇಶದ ಒಳಕ್ಕೆ ಬರುವುದೂ ಹೊರಕ್ಕೆ ಹೋಗುವುದೂ ಅಪರಾಧ. ಕೆನಡಾ 2016ರ ನವೆಂಬರ್ 10ರಿಂದ ತನ್ನ ದ್ವಿಪೌರರನ್ನು ಕೆನಡಾದ ಪಾಸ್‌ಪೋರ್ಟ್ ಇಲ್ಲದೆ ವಿಮಾನ ಹತ್ತಲು ಬಿಡುತ್ತಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಕೈಯಲ್ಲಿದ್ದವರಿಗೆ ವಿನಾಯಿತಿ ಇದೆ. ಬ್ರಿಟನ್ ಕೂಡ 2026ರ ಫೆಬ್ರುವರಿ 25ರಿಂದ ಬಿಗಿ ಮಾಡಿದೆ. ಬ್ರಿಟಿಷ್ ಪಾಸ್‌ಪೋರ್ಟ್ ಇಲ್ಲದ ಬ್ರಿಟಿಷ್ ದ್ವಿಪೌರರು ಅಲ್ಲಿ ನೆಲೆಸುವ ಹಕ್ಕಿನ ಪ್ರಮಾಣಪತ್ರವನ್ನಾದರೂ ಹೊಂದಿರಬೇಕು. ಐರಿಷ್ ಪಾಸ್‌ಪೋರ್ಟ್ ಇದ್ದವರಿಗೆ ಈ ತಾಪತ್ರಯವಿಲ್ಲ.

‘ಪಾಸ್‌ಪೋರ್ಟ್ ಅವಧಿ ಮುಗಿದಿದೆ, ಇನ್ನೊಂದರ ಮೇಲೆ ಆನ್‌ಲೈನ್ ಅನುಮತಿ ತೆಗೆದುಕೊಂಡರಾಯಿತು’ ಎಂದುಕೊಳ್ಳುವವರು ಸಿಕ್ಕಿಬೀಳುವುದು ಇಲ್ಲೇ. ಅಮೆರಿಕದ ಎಸ್ಟಾ, ಬ್ರಿಟನ್ನಿನ ಇಟಿಎ, ಕೆನಡಾದ ಇ-ಟಿಎ ಎಲ್ಲವೂ ವೀಸಾ ಬೇಡದ ವಿದೇಶಿಯರಿಗಾಗಿ ಇರುವ ಪ್ರಯಾಣ ಅನುಮತಿಗಳು. ಆಯಾ ದೇಶದ ಪೌರರು ಅವಕ್ಕೆ ಅರ್ಜಿ ಹಾಕುವಂತಿಲ್ಲ. ಬೇರೆ ಪೌರತ್ವ ಇದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದರೆ ಅದು ಸುಳ್ಳು ಹೇಳಿಕೆ. ಅದಕ್ಕಿಂತ ಪಾಸ್‌ಪೋರ್ಟ್ ನವೀಕರಿಸಿ, ಪ್ರಯಾಣವನ್ನು ನಾಲ್ಕು ವಾರ ಮುಂದೆ ಹಾಕುವುದೇ ಲೇಸು. ಎರಡೂ ಪಾಸ್‌ಪೋರ್ಟುಗಳ ಅವಧಿ ಒಟ್ಟಿಗೆ ಮುಗಿಯುವುದು ಅಪರೂಪ. ಮಕ್ಕಳದ್ದಂತೂ ಬೇಗ ಮುಗಿಯುತ್ತದೆ: 16 ವರ್ಷದೊಳಗಿನವರಿಗೆ ಅಮೆರಿಕ ಕೊಡುವುದು ಐದೇ ವರ್ಷದ ಪಾಸ್‌ಪೋರ್ಟ್. ಎರಡು ದಿನಾಂಕಗಳನ್ನೂ ಫೋನಿನ ಕ್ಯಾಲೆಂಡರಿನಲ್ಲಿ, ಒಂಬತ್ತು ತಿಂಗಳು ಮೊದಲೇ ಎಚ್ಚರಿಸುವಂತೆ ಹಾಕಿಡಿ.

ಟಿಕೆಟಿನಲ್ಲಿ ಯಾವ ಹೆಸರು?

ಎರಡೂ ಪಾಸ್‌ಪೋರ್ಟುಗಳಲ್ಲಿ ಹೆಸರು ಅಕ್ಷರ ಅಕ್ಷರವೂ ಒಂದೇ ಆಗಿದ್ದರೆ ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಆದರೆ ಎಲ್ಲರಿಗೂ ಹಾಗಿರುವುದಿಲ್ಲ. ಇಟಲಿ ಮದುವೆಯಾದ ಹೆಣ್ಣುಮಕ್ಕಳಿಗೂ ತವರಿನ ಅಡ್ಡಹೆಸರಿನಲ್ಲೇ ಪಾಸ್‌ಪೋರ್ಟ್ ಕೊಡುತ್ತದೆ. ಅದೇ ಮಹಿಳೆಯ ಆಸ್ಟ್ರೇಲಿಯಾದ ಪಾಸ್‌ಪೋರ್ಟಿನಲ್ಲಿ ಗಂಡನ ಅಡ್ಡಹೆಸರು ಇರಬಹುದು. ಸ್ಪ್ಯಾನಿಷ್ ಪಾಸ್‌ಪೋರ್ಟಿನಲ್ಲಿ ತಂದೆ ತಾಯಿ ಇಬ್ಬರ ಅಡ್ಡಹೆಸರೂ ಬರುತ್ತವೆ, ಇನ್ನೊಂದು ದೇಶ ಒಂದನ್ನೇ ಬರೆದಿರುತ್ತದೆ.

ಹೆಸರು ನೋಡಬೇಕಾದದ್ದು ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ, ಯಂತ್ರ ಓದುವ ಎರಡು ಸಾಲುಗಳಲ್ಲಿ. ತಲಾ 44 ಅಕ್ಷರಗಳ ಈ ಸಾಲುಗಳಲ್ಲಿ ಹೆಸರಿಗೆ ಸಿಗುವುದು 39 ಸ್ಥಾನ ಮಾತ್ರ. ಉದ್ದ ಹೆಸರು ಅಲ್ಲಿ ಕತ್ತರಿಸಿರುತ್ತದೆ, ಅಕ್ಷರಗಳ ಮೇಲಿನ ಚಿಹ್ನೆಗಳು ಮಾಯವಾಗಿರುತ್ತವೆ. ಜರ್ಮನ್ ಹೆಸರಿನ ‘ü’ ಅಲ್ಲಿ ಎರಡು ಅಕ್ಷರಗಳಾಗಿ ಒಡೆದಿರುವುದೂ ಉಂಟು. ಟಿಕೆಟಿನ ಹೆಸರು ಈ ಸಾಲಿಗೆ ಹೊಂದುವಂತಿರಲಿ. ಎರಡರಲ್ಲಿ ಯಾವ ಪಾಸ್‌ಪೋರ್ಟಿನ ಹೆಸರು ಎಂದರೆ, ಚೆಕ್-ಇನ್‌ನಲ್ಲಿ ತೋರಿಸದೆ ವಿಧಿಯೇ ಇಲ್ಲದ ಪಾಸ್‌ಪೋರ್ಟಿನದು. ಹೆಸರು ಬೇರೆಯಾಗಿರುವವರು ಮದುವೆಯ ನೋಂದಣಿ ಪತ್ರವನ್ನೋ ಹೆಸರು ಬದಲಾವಣೆಯ ಪತ್ರವನ್ನೋ ಕೈಚೀಲದಲ್ಲೇ ಇಟ್ಟುಕೊಳ್ಳಿ. ಸಾಮಾನಿನ ಜತೆ ಒಳಗೆ ಹೋದ ಪತ್ರದಿಂದ ಕೌಂಟರಿನಲ್ಲಿ ಏನೂ ಪ್ರಯೋಜನವಿಲ್ಲ.

ಒಂದು ಪ್ರಯಾಣ, ಹೆಜ್ಜೆ ಹೆಜ್ಜೆಯಾಗಿ

ಆಸ್ಟ್ರೇಲಿಯಾ ಮತ್ತು ಇಟಲಿಯ ದ್ವಿಪೌರರೊಬ್ಬರು ಸಿಡ್ನಿಯಿಂದ ಸಿಂಗಪುರದ ಮೂಲಕ ರೋಮ್‌ಗೆ ಹೋಗಿ, ಐದು ತಿಂಗಳ ಬಳಿಕ ಮರಳುತ್ತಾರೆ ಎಂದಿಟ್ಟುಕೊಳ್ಳಿ.

ಸಿಡ್ನಿಯ ಚೆಕ್-ಇನ್ ಕೌಂಟರಿನಲ್ಲಿ ಎರಡನ್ನೂ ಒಟ್ಟಿಗೆ ಕೊಡಿ. ‘ಇಲ್ಲಿಂದ ಹೊರಡುವುದು ಆಸ್ಟ್ರೇಲಿಯಾದ ಪಾಸ್‌ಪೋರ್ಟಿನಲ್ಲಿ, ಅಲ್ಲಿ ಇಳಿಯುವುದು ಇಟಲಿಯದರಲ್ಲಿ’ ಎಂದು ಬಾಯಿಬಿಟ್ಟು ಹೇಳಿ. ಆಸ್ಟ್ರೇಲಿಯಾದ್ದನ್ನು ಮಾತ್ರ ಕೊಟ್ಟರೆ, ವೀಸಾ ಇಲ್ಲದೆ 90 ದಿನಕ್ಕಿಂತ ಹೆಚ್ಚು ಹೇಗೆ ಉಳಿಯುತ್ತೀರಿ ಎಂದು ಕೇಳುವುದು ಅವರ ಕೆಲಸವೇ. ಕಾಗದಪತ್ರ ಸರಿಯಿಲ್ಲದವರನ್ನು ಕರೆದೊಯ್ದರೆ ದಂಡ ಬೀಳುವುದು ವಿಮಾನಯಾನ ಕಂಪನಿಗೆ, ವಾಪಸ್ ಕರೆತರುವ ಹೊಣೆಯೂ ಅದರದೇ. ಆದ್ದರಿಂದ ಕೌಂಟರಿನವರ ಅನುಮಾನಕ್ಕೆ ಸಿಡುಕಬೇಡಿ; ಎರಡನೇ ಪಾಸ್‌ಪೋರ್ಟ್ ಮೇಜಿನ ಮೇಲಿಟ್ಟರೆ ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಮುಂದಿನದು ಆಸ್ಟ್ರೇಲಿಯಾದಿಂದ ಹೊರಡುವ ಇಮಿಗ್ರೇಷನ್. ಅಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಮಾತ್ರ. ಯಂತ್ರದ ಗೇಟಿಗೆ ಇಟಲಿಯದನ್ನು ಇಟ್ಟರೆ, ಆ ಸಂಖ್ಯೆಯ ವ್ಯಕ್ತಿ ದೇಶದೊಳಗೆ ಬಂದ ದಾಖಲೆಯೂ ವೀಸಾವೂ ಸಿಗದೆ ಗೇಟು ತೆರೆಯುವುದಿಲ್ಲ, ಅಧಿಕಾರಿಯ ಬಳಿ ಹೋಗಬೇಕಾಗುತ್ತದೆ. ಸಿಂಗಪುರದಲ್ಲಿ ಒಂದೇ ಟಿಕೆಟಿನಲ್ಲಿ ವಿಮಾನ ಬದಲಿಸುವವರಿಗೆ ಇಮಿಗ್ರೇಷನ್ ಇಲ್ಲ. ರೋಮ್‌ನಲ್ಲಿ ಯುರೋಪಿಯನ್ ಒಕ್ಕೂಟದವರ ಸಾಲು, ಇಟಲಿಯ ಪಾಸ್‌ಪೋರ್ಟ್.

ಇಲ್ಲಿ ಆಸ್ಟ್ರೇಲಿಯಾದ್ದನ್ನು ಕೊಟ್ಟುಬಿಟ್ಟರೆ ಏನಾಗುತ್ತದೆ? ಇಟಲಿಯೂ ಸೇರಿದಂತೆ, ತಮ್ಮ ನಡುವಿನ ಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆ ತೆಗೆದುಹಾಕಿರುವ ಯುರೋಪಿನ ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಹೊರಗಿನವರ ಬರಹೋಗುವಿಕೆಯನ್ನು ಬೆರಳಚ್ಚು, ಮುಖದ ಫೋಟೊ ಸಹಿತ ಕಂಪ್ಯೂಟರಿನಲ್ಲಿ ದಾಖಲಿಸಲು ಶುರುಮಾಡಿವೆ. 180 ದಿನಗಳಲ್ಲಿ 90 ದಿನ ಎಂಬ ಲೆಕ್ಕವನ್ನು ಈಗ ಯಂತ್ರವೇ ಇಡುತ್ತದೆ. 91ನೇ ದಿನ ನಿಮ್ಮ ಹೆಸರು ಅವಧಿ ಮೀರಿ ಉಳಿದವರ ಪಟ್ಟಿಗೆ ಸೇರುತ್ತದೆ. ಇಟಲಿಯ ಪೌರರಾದ ನಿಮಗೆ ಅಲ್ಲಿ ಇರುವ ಹಕ್ಕು ಇದ್ದೇ ಇದೆ, ಆದರೆ ಅದನ್ನು ಸಾಬೀತು ಮಾಡಿ ದಾಖಲೆ ತಿದ್ದಿಸುವ ಅಲೆದಾಟ ನಿಮ್ಮ ಪಾಲಿಗೆ. ಹಿಂದೆ ಸೀಲಿನ ದಿನಾಂಕ ನೋಡಿ ಬಿಟ್ಟುಕಳಿಸುತ್ತಿದ್ದ ಅಧಿಕಾರಿಗಳ ಔದಾರ್ಯವನ್ನು ನೆಚ್ಚಿಕೊಳ್ಳುವ ಕಾಲ ಹೋಯಿತು.

ವಾಪಸ್ ಬರುವಾಗ ಕ್ರಮ ತಿರುವುಮುರುವು. ರೋಮ್‌ನ ಚೆಕ್-ಇನ್‌ನಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಕಡ್ಡಾಯ. ಇಟಲಿಯದನ್ನು ಕೊಟ್ಟರೆ ಕೌಂಟರಿನವರ ಪರದೆ ವೀಸಾ ಎಲ್ಲಿ ಎಂದು ಕೇಳುತ್ತದೆ. ಇಟಲಿಯ ಇಮಿಗ್ರೇಷನ್‌ನಲ್ಲಿ ಬಂದಿದ್ದ ಪಾಸ್‌ಪೋರ್ಟೇ, ಅಂದರೆ ಇಟಲಿಯದು. ಸಿಡ್ನಿಯಲ್ಲಿ ಆಸ್ಟ್ರೇಲಿಯಾದ್ದು.

ಆನ್‌ಲೈನ್ ಚೆಕ್-ಇನ್ ತರುವ ಪೇಚು

ವಿಮಾನಯಾನ ಕಂಪನಿಗಳು ಪ್ರಯಾಣಿಕರ ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ರಾಷ್ಟ್ರೀಯತೆಯನ್ನು ವಿಮಾನ ಏರುವ ಮೊದಲೇ ಗಡಿ ಅಧಿಕಾರಿಗಳಿಗೆ ಕಳಿಸುತ್ತವೆ. ಬಹಳಷ್ಟು ಕಂಪನಿಗಳ ವೆಬ್‌ಸೈಟು ಒಂದೇ ಪಾಸ್‌ಪೋರ್ಟ್ ತುಂಬಲು ಜಾಗ ಕೊಡುತ್ತದೆ. ಸಾಮಾನ್ಯ ಸೂತ್ರ: ಇಳಿಯುವ ದೇಶಕ್ಕೆ ತೋರಿಸುವುದನ್ನು ತುಂಬಿ. ಹೋಗುವ, ಬರುವ ವಿಮಾನಗಳಿಗೆ ಬೇರೆ ಬೇರೆ ಪಾಸ್‌ಪೋರ್ಟ್ ಬೇಕಾಗುವುದರಿಂದ, ಮೊದಲ ಪ್ರಯಾಣ ಮುಗಿದ ಮೇಲೆ ಬುಕಿಂಗ್ ತೆರೆದು ಸಂಖ್ಯೆ ಬದಲಿಸಬೇಕು. ಕಂಪನಿಯ ಸದಸ್ಯತ್ವದ ಖಾತೆಯಲ್ಲಿ ಉಳಿಸಿಟ್ಟ ಹಳೆಯ ಸಂಖ್ಯೆ ತಾನಾಗಿ ಬಂದು ಕೂರುವುದೇ ಇಲ್ಲಿನ ಮುಖ್ಯ ತೊಡಕು.

ಅಮೆರಿಕದಿಂದ ಹೊರಡುವಾಗ ಸ್ವಲ್ಪ ಭಿನ್ನ. ಅಲ್ಲಿ ಹೊರಡುವವರಿಗೆ ಇಮಿಗ್ರೇಷನ್ ಕೌಂಟರೇ ಇಲ್ಲ. ಕಂಪನಿ ಕಳಿಸುವ ವಿವರದಿಂದಲೇ ನೀವು ದೇಶ ಬಿಟ್ಟದ್ದು ದಾಖಲಾಗುತ್ತದೆ. ಆನ್‌ಲೈನ್ ಮುಗಿಸಿಬಿಡುವ ಬದಲು ಕೌಂಟರಿಗೆ ಹೋಗಿ, ಅಮೆರಿಕದ ಪಾಸ್‌ಪೋರ್ಟನ್ನು ಹೊರಡಲು, ಇನ್ನೊಂದನ್ನು ಇಳಿಯಲು ಎಂದು ಎರಡನ್ನೂ ಸೇರಿಸಿಸುವುದು ಒಳ್ಳೆಯದು. ಇಪ್ಪತ್ತು ನಿಮಿಷ ಕ್ಯೂ ನಿಲ್ಲಬೇಕಾದೀತು, ನಿಲ್ಲಿ.

ಮೂರನೇ ದೇಶಕ್ಕೆ ಹೋದಾಗ

ನಿಮ್ಮದಲ್ಲದ ದೇಶದಲ್ಲಿ ಆಯ್ಕೆ ನಿಮ್ಮದು. ಯಾವುದಕ್ಕೆ ವೀಸಾ ಬೇಡವೋ, ಶುಲ್ಕ ಕಡಿಮೆಯೋ, ಹೆಚ್ಚು ದಿನ ಸಿಗುತ್ತದೋ ಅದನ್ನು ಆರಿಸಿಕೊಳ್ಳಿ. ಆರಿಸಿದ ಮೇಲೆ ಮಾತ್ರ ಒಳಹೊಕ್ಕ ಪಾಸ್‌ಪೋರ್ಟಿನಲ್ಲೇ ಹೊರಬರಬೇಕು. ನಡುವೆ ಬದಲಿಸಿದರೆ ಒಂದರಲ್ಲಿ ಹೊರಹೋದ ಗುರುತಿಲ್ಲ, ಇನ್ನೊಂದರಲ್ಲಿ ಒಳಬಂದ ಗುರುತಿಲ್ಲ. ವೀಸಾ, ಆಗಮನ ಪತ್ರ ಎಲ್ಲವೂ ಆ ಸಂಖ್ಯೆಗೇ ಅಂಟಿಕೊಂಡಿರುತ್ತವೆ. ಸಿಂಗಪುರದಲ್ಲಿ ಎರಡು ದಿನ ಇಳಿಯುವುದಾದರೂ ಆನ್‌ಲೈನ್ ಆಗಮನ ಕಾರ್ಡಿನಲ್ಲಿ ಬರೆದ ಪಾಸ್‌ಪೋರ್ಟನ್ನೇ ತೋರಿಸಬೇಕು.

ಭೂಮಾರ್ಗದ ಗಡಿಗಳಲ್ಲಿ ಇನ್ನೂ ಎಚ್ಚರ ಬೇಕು. ಒಂದು ದೇಶದಿಂದ ಹೊರಟ ಸೀಲು ಇಲ್ಲದ ಪಾಸ್‌ಪೋರ್ಟ್ ಕೊಟ್ಟರೆ, ಕೆಲವೇ ಮೀಟರ್ ಆಚೆ ಇರುವ ಅಧಿಕಾರಿ ‘ಇವರು ಎಲ್ಲಿಂದ ಬಂದರು’ ಎಂದು ಪುಟ ತಿರುವುತ್ತಾರೆ. ಇನ್ನೊಂದನ್ನು ತೆಗೆದು ತೋರಿಸಿ ನಿಜ ಹೇಳಿ. ಎರಡು ಪಾಸ್‌ಪೋರ್ಟ್ ಇರುವುದನ್ನು ಮುಚ್ಚಿಡುವ ಪ್ರಯತ್ನವೇ, ಇರುವುದಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸುತ್ತದೆ.

ರಾಯಭಾರ ಕಚೇರಿಯ ಮಿತಿ

ನಿಮ್ಮದೇ ಎರಡು ದೇಶಗಳಲ್ಲಿ ಒಂದರಲ್ಲಿ ತೊಂದರೆಗೆ ಸಿಕ್ಕಿದಾಗ ಇನ್ನೊಂದು ದೇಶದ ರಾಯಭಾರ ಕಚೇರಿ ಕೈಚೆಲ್ಲಬಹುದು. ಒಬ್ಬ ಪೌರನ ಪರವಾಗಿ, ಅವನು ಪೌರನೇ ಆಗಿರುವ ಇನ್ನೊಂದು ದೇಶದ ವಿರುದ್ಧ ರಾಜತಾಂತ್ರಿಕ ರಕ್ಷಣೆ ಕೊಡುವಂತಿಲ್ಲ ಎಂದು 1930ರ ಹೇಗ್ ಒಪ್ಪಂದದ 4ನೇ ವಿಧಿಯೇ ಹೇಳುತ್ತದೆ. ಇರಾನ್ ತನ್ನ ಪೌರರ ಎರಡನೇ ಪೌರತ್ವವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಕ್ಷಿಣ ಕೊರಿಯಾದ ಪೌರತ್ವವೂ ಇರುವ ಗಂಡುಮಕ್ಕಳಿಗೆ ಕಡ್ಡಾಯ ಸೇನಾ ಸೇವೆಯ ಪ್ರಶ್ನೆ ಬರುತ್ತದೆ. ಅಂಥವರು ಟಿಕೆಟ್ ಕೊಳ್ಳುವ ಮೊದಲು ಕೊರಿಯಾದ ದೂತಾವಾಸದಲ್ಲಿ ವಿಚಾರಿಸಲೇಬೇಕು.

ಕಳೆದುಹೋದರೆ

ಎರಡನ್ನೂ ಒಂದೇ ಚೀಲದಲ್ಲಿ ಇಡಬೇಡಿ. ಪ್ರಯಾಣದ ದಿನ ಎರಡೂ ಮೈಮೇಲಿರಲಿ, ಉಳಿದ ದಿನ ಒಂದು ಕೋಣೆಯ ತಿಜೋರಿಯಲ್ಲಿರಲಿ. ಬೇರೆ ಬೇರೆ ಬಣ್ಣದ ಕವಚ ಹಾಕಿದರೆ ಕೌಂಟರಿನಲ್ಲಿ ತಡಕಾಡುವುದು ತಪ್ಪುತ್ತದೆ. ಯಂತ್ರದ ಗೇಟಿಗೆ ಇಡುವ ಮೊದಲು ಕವಚ ತೆಗೆಯಬೇಕು ಅಷ್ಟೆ. ಮೂರನೇ ದೇಶದಲ್ಲಿ, ಒಳಬಂದ ಪಾಸ್‌ಪೋರ್ಟೇ ಕಳೆದರೆ ಇನ್ನೊಂದನ್ನು ಹಿಡಿದು ನೇರ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಮೊದಲು ಪೊಲೀಸ್ ದೂರು, ಅದರ ಪ್ರತಿ, ಆ ಪಾಸ್‌ಪೋರ್ಟ್ ಕೊಟ್ಟ ದೇಶದ ದೂತಾವಾಸಕ್ಕೆ ಮಾಹಿತಿ. ಬಳಿಕ ಸ್ಥಳೀಯ ಇಮಿಗ್ರೇಷನ್ ಕಚೇರಿಯಲ್ಲಿ ಒಳಬಂದ ದಿನಾಂಕದ ದಾಖಲೆ ತೆಗೆಸಿ, ಯಾವ ಪಾಸ್‌ಪೋರ್ಟಿನಲ್ಲಿ ಹೊರಡಬಹುದೆಂದು ಕೇಳಿಕೊಳ್ಳಿ. ಫೋಟೊ ಪುಟ, ವೀಸಾ, ಒಳಬಂದ ಸೀಲಿನ ಪುಟ ಈ ಮೂರರ ಚಿತ್ರ ಫೋನಿನಲ್ಲಿದ್ದರೆ ಅರ್ಧ ದಿನದ ಕೆಲಸ ಕಡಿಮೆ.